ಬೆನ್ನ ಮೇಲಿನ ಕೈ

“ಮೈಮುರಿದು ದುಡಿದೋರಿಗೆ ನಿಲ್ಲೋಕೆ ಒಂದು ಜಾಗ ಇಲ್ವಾ?”

ಲಾಂಡ್ರಿಯಕ್ಕ ಗಟ್ಟಿಯಾಗಿಯೇ ಕೇಳಿದಳು. ಉತ್ತರ ಕೊಡಲು ಅಲ್ಲಿ ಯಾರೂ ಇರಲಿಲ್ಲ. ಅಂಗಡಿಯ ಮೇಲಿನ ಆ ಕೋಣೆಯಲ್ಲಿ ಇದ್ದದ್ದು ಕಂಬಿಗೆ ತೂಗುಹಾಕಿದ ನೀಲಿ ಕೋಟುಗಳು, ನೀಲಿ ಪ್ಯಾಂಟುಗಳು. ಅಜ್ಜಿಯ ಕಾಲದ ಸೈನ್ಯದವು. ಲಾರಿಯ ಅಡಿಗೆ ತೆವಳಿದವರು, ಹಂಡೆ ಉಜ್ಜಿದವರು, ಹಡಗಿನ ತುಕ್ಕು ಕೆರೆದವರು ತೊಟ್ಟ ಒರಟು ಡೆನಿಮ್. ಕವಾಯತಿನ ಉಡುಪನ್ನು ಮನೆಯವರು ಪೆಟ್ಟಿಗೆಯಲ್ಲಿಟ್ಟು ಕಾಪಾಡುತ್ತಾರೆ, ಇದನ್ನು ನೆಲ ಒರೆಸಲು ಹರಿಯುತ್ತಾರೆ. ಹಾಗಾಗಿ ಉಳಿದದ್ದೇ ಅಪರೂಪ. ಗುಜರಿ ಅಂಗಡಿಗಳಲ್ಲಿ, ಗ್ಯಾರೇಜುಗಳ ಚಿಂದಿ ಡಬ್ಬಗಳಲ್ಲಿ ಕೈಹಾಕಿ ಹಾಕಿ ಅವಳು ಒಂದೊಂದನ್ನೇ ಎತ್ತಿ ತಂದಿದ್ದಳು.

“ನಿನ್ನ ಪಟಾಲಮ್ಮಿಗೆ ತಾನೇ ಜಾಗ?” ಮೆಟ್ಟಿಲು ಹತ್ತಿ ಬಂದ ತಂಗಿ ಏದುಸಿರಿನಲ್ಲೇ ಅಂದಳು. “ಮ್ಯೂಸಿಯಮ್ಮಿನೋರು ಕರೀತಿದಾರಲ್ಲ, ಕಳಿಸು. ನಮ್ಮನೇಲಿ ನನ್ನ ಗಂಡನಿಗೇ ಕಾಲು ಚಾಚೋಕೆ ಆಗಲ್ಲ.”

ಸುಳ್ಳಲ್ಲ. ಕಟ್ಟಡ ಕೈಬದಲಾಗಿತ್ತು, ಸೋಮವಾರ ಅಂಗಡಿಗೂ ಕೋಣೆಗೂ ಬೀಗ. ಮ್ಯೂಸಿಯಂ ತೆಗೆದುಕೊಳ್ಳದಿದ್ದರೆ ಇಷ್ಟೂ ಮತ್ತೆ ಗುಜರಿಯ ಪಾಲು.

ಊರವರ ಬಟ್ಟೆಯನ್ನೆಲ್ಲ ಒಗೆದ ಕೈ, ಒಂದರ ಹೊರತು, ಇವನ್ನು ನೀರಿಗೆ ಹಾಕಿರಲಿಲ್ಲ. ಮೊಟ್ಟಮೊದಲು ಸಿಕ್ಕ ಕೋಟನ್ನು ಕಸುಬಿನ ರೂಢಿಯಲ್ಲಿ ಬಿಸಿನೀರಿಗೆ ಅದ್ದಿ, ಉಜ್ಜಿ, ಒಣಹಾಕಿದ್ದಳು. ಸಂಜೆ ನೋಡಿದರೆ ಚೊಕ್ಕವಾದ ಒಂದು ನೀಲಿ ಕೋಟು, ಯಾರದ್ದೂ ಅಲ್ಲದ್ದು. ಮೊಣಕೈ ಮಡಚಿದ ಗೆರೆ, ಬೆವರಿನ ಅಂಚು, ಎಣ್ಣೆಯ ವಾಸನೆ ಎಲ್ಲ ಮೋರಿ ಸೇರಿತ್ತು. ತೊಟ್ಟವನೂ ಅವುಗಳ ಜೊತೆಗೇ ಹರಿದುಹೋಗಿದ್ದ. ಆವತ್ತು ಅವಳಿಗೆ ಊಟ ಸೇರಲಿಲ್ಲ.

ಮಧ್ಯಾಹ್ನ ಮೈದುನ ಬಂದ. ತೀರಿಹೋದ ಗಂಡನ ತಮ್ಮ, ಸೈನ್ಯದ ಮ್ಯೂಸಿಯಂನಲ್ಲಿ ಕೆಲಸ. ಕೈಗವಸು ಹಾಕಿಕೊಂಡೇ ಒಂದೊಂದು ಹೊಲಿಗೆಯನ್ನೂ ಮುಟ್ಟಿ ನೋಡಿದ.

“ಅತ್ತಿಗೆ, ಕಮಿಟಿ ಒಪ್ಕೊಂಡಿದೆ. ಒಂದು ಗುಂಡೀನೂ ಬಿಡದೆ ಎಲ್ಲಾ ತಗೋತೀವಿ. ಇದನ್ನಂತೂ ಬಾಗಿಲೆದುರಿಗೇ ಗಾಜಿನೊಳಗೆ ನಿಲ್ಲಿಸ್ತೀವಿ.”

ಅವನು ತೋರಿಸಿದ್ದು ಮೆಕ್ಯಾನಿಕ್ಕಿನ ಕೋಟು. ಅದರ ಬೆನ್ನ ನಡುವೆ ಕಪ್ಪು ಗ್ರೀಸಿನ ಅಂಗೈ, ಐದೂ ಬೆರಳು ಸ್ಪಷ್ಟ.

“ಆದ್ರೆ ಈ ಕಲೆ ಹೋಗ್ಬೇಕು. ಎದೆ ಮೇಲೆ ಪದಕ ಬರತ್ತೆ, ಹಿಂದೆ ಹೀಗಿದ್ರೆ ಕಮಿಟಿ ಯಾವುದನ್ನೂ ತಗೊಳ್ಳಲ್ಲ. ಬಣ್ಣ ಕೆಡದ ಹಾಗೆ ಗ್ರೀಸು ತೆಗೆಯೋ ಕೈ ನಿಮ್ದೇ.”

“ಪದಕ ಯಾರ್ದು?”

“ಯಾರ್ದೋ. ನಮ್ಮತ್ರ ಬೇಕಾದಷ್ಟು ಬಿದ್ದಿವೆ.”

“ಇದು ಯಾರೋ ಶಭಾಷ್ ಅಂತ ತಟ್ಟಿದ ಕೈ ಕಣಪ್ಪ.”

“ಸಿಟ್ಟಲ್ಲಿ ಹೊಡೆದಿದ್ದೂ ಇರ್ಬೋದಲ್ಲ, ಅತ್ತಿಗೆ?”

“ಇರ್ಬೋದು. ಹೊಡೆತ ಆದ್ರೂ ಇವನದೇ. ನಿನ್ನ ಪದಕ ಇವನದಲ್ಲ.”

ತಂಗಿ ನಗು ತಡೆದುಕೊಂಡಳು. ಮರುಕ್ಷಣ ಅವಳ ಮುಖ ಸಪ್ಪಗಾಯಿತು. “ಅಕ್ಕಾ, ಹಟ ಹಿಡೀಬೇಡ. ಒಬ್ಬನ ಬೆನ್ನಿಗೋಸ್ಕರ ಅಷ್ಟೂ ಜನಾನ ಬೀದಿಗೆ ನೂಕ್ತೀಯಾ?”

ಮಾತು ನಾಟಿತು. ಲಾಂಡ್ರಿಯಕ್ಕ ಕಂಬಿಯ ಉದ್ದಕ್ಕೂ ಕಣ್ಣು ಹಾಯಿಸಿದಳು. ಕಲೆ ಹೋಗಲು ಸೀಮೆಸುಣ್ಣದ ಪುಡಿ, ಮೆತ್ತನೆಯ ಬ್ರಷ್ಷು, ಸ್ವಲ್ಪ ತಾಳ್ಮೆ, ಅಷ್ಟೇ ಸಾಕು. ಉಜ್ಜಲು ಬೆರಳುಗಳು ಆಗಲೇ ಚಡಪಡಿಸುತ್ತಿದ್ದವು. ಅಂಗೈಯನ್ನು ಆ ಕಪ್ಪು ಅಂಗೈಯ ಹತ್ತಿರ ಹಿಡಿದಳು. ಅದು ಅವಳದಕ್ಕಿಂತ ದೊಡ್ಡದಿತ್ತು.

ಆಮೇಲೆ ಇಷ್ಟು ವರ್ಷ ಮಾಡದ ಕೆಲಸವೊಂದನ್ನು ಮಾಡಿದಳು: ಕೋಟನ್ನು ಇಳಿಸಿ ತೊಟ್ಟುಕೊಂಡಳು. ಭುಜ ಜಾರಿತು, ತೋಳು ಬೆರಳನ್ನು ನುಂಗಿತು. ಕಂಬಿಯಿಂದ ಒಂದು ತೆಕ್ಕೆ ಬಟ್ಟೆ ಎತ್ತಿ ತಂಗಿಯ ತೋಳಿಗೆ ಹೇರಿದಳು.

“ಅಯ್ಯೋ, ನನ್ನ ಗಂಡ ಎಲ್ಲಿ ಮಲಗ್ಬೇಕೇ?”

“ನಿಂತ್ಕೊಂಡಿರ್ಲಿ. ಇವರೆಲ್ಲ ನಿಂತಿಲ್ವಾ?”

ತಂಗಿ ಗೊಣಗಿದಳು, ಆದರೆ ಬಟ್ಟೆ ಕೆಳಗಿಡಲಿಲ್ಲ.

ಮೈದುನ ಬಾಗಿಲಿಗೆ ಅಡ್ಡ ನಿಂತ. “ಅತ್ತಿಗೆ, ಕೇಳಿ. ಕಲೆ ತೆಗೀಬೇಡಿ. ಬೆನ್ನನ್ನ ಗೋಡೆಗೆ ತಿರುಗಿಸಿ ನಿಲ್ಲಿಸ್ತೀನಿ, ಮುಂದೆ ಪದಕ ಕಾಣತ್ತೆ, ಕೈ ಯಾರಿಗೂ ಕಾಣಲ್ಲ. ಹಾಗಾದ್ರೂ ಕೊಡಿ.”

ಅವಳು ಗುಂಡಿ ಹಾಕಿಕೊಂಡಳು.

“ಕೊಡಲ್ಲ.”