ಪೀಸ್‌ಫುಲ್ ಹಟ್ಟಿಯ ಸಾವು

ದಿನೇಶ್‌ಕುಮಾರ್ ತನ್ನ ಹಟ್ಟಿಯ ಹೆಂಗಸರಿಗೆ ಇಂಗ್ಲಿಷ್ ಕಲಿಸಲು ಹೊರಟಾಗ ಮೊದಲು ಕಲಿಸಿದ್ದು ಅವರ ಹಟ್ಟಿ ಹೇಗಿದೆ ಎಂಬುದನ್ನು. ಮದುವೆಯಾಗಿ ಬಂದಾಗಿನಿಂದ ಅಲ್ಲೇ ಬಾಳಿ ತಲೆ ನರೆತವರಿಗೆ ಅದು ತಿಳಿದಿರಲಿಲ್ಲವಂತೆ. ಊಟಿಯಿಂದ ಅವನು ಬಂದು ಹೇಳಬೇಕಾಯಿತು.

ಊಟಿಯಲ್ಲಿ ಒಂದು ಮಹಡಿಯ ಮೇಲೆ ಅವನು ಸ್ಪೋಕನ್ ಇಂಗ್ಲಿಷ್ ಕ್ಲಾಸು ನಡೆಸುತ್ತಿದ್ದ. ಅಲ್ಲಿ ಪಟ್ಟಣದ ಬಾಳು, ಹಳ್ಳಿಯ ಬಾಳು ಎಂದು ಒಂದು ಪಾಠ. ಪಟ್ಟಣವೆಂದರೆ ಕ್ರೌಡೆಡ್, ನಾಯ್ಸಿ, ಪೊಲ್ಯೂಟೆಡ್: ಜನ ಹೆಚ್ಚು, ಗದ್ದಲ ಹೆಚ್ಚು, ಹೊಗೆ ಹೆಚ್ಚು. ಹಳ್ಳಿಯೆಂದರೆ ಪೀಸ್‌ಫುಲ್, ಕ್ವಯೆಟ್, ಅನ್‌ಸ್ಪಾಯಿಲ್ಡ್: ನೆಮ್ಮದಿ, ನಿಶ್ಶಬ್ದ, ಇನ್ನೂ ಯಾರೂ ಕೆಡಿಸದೆ ಬಿಟ್ಟದ್ದು. ಕ್ಲಾಸಿಗೆ ಬರುವವರು ಕಡಿಮೆಯಾದ ಮೇಲೆ ಅವನು ಆ ಪದಗಳನ್ನೆಲ್ಲ ಗಂಟು ಕಟ್ಟಿಕೊಂಡು ನಂಜನಾಡಿನ ಆಚೆಯ ಈ ಹಟ್ಟಿಗೆ ವಾಪಸಾದ. ತಾಯಿಯ ಮನೆಯ ಮೇಲೆ ಎರಡು ಕೋಣೆ ಎಬ್ಬಿಸಿ ಹೋಮ್‌ಸ್ಟೇ ಮಾಡಿದ. ಮೆಟ್ಟಿಲ ಪಕ್ಕ, ಪೀಸ್ ಎಂದು ದೊಡ್ಡದಾಗಿ ಬರೆಸಿ, ಬೋರ್ಡು ಹಾಕಿದ. ಹಟ್ಟಿ ಅಂದಿನಿಂದ ಪೀಸ್‌ಫುಲ್ ಆಯಿತು.

ಸಾಯಂಕಾಲ ಹೊಲದಿಂದ ಬಂದ ಹೆಂಗಸರು ಸಮುದಾಯ ಭವನದಲ್ಲಿ ಕೂತು, ಉಗುರಿನಲ್ಲಿ ಕ್ಯಾರೆಟ್ ಮಣ್ಣು ಹಾಗೇ ಇರಲು, ಈ ಪದಗಳನ್ನು ಬಾಯಿಪಾಠ ಮಾಡಿದರು. ಗೆಸ್ಟುಗಳು ಬಂದು ಹಟ್ಟಿಯ ಬಗ್ಗೆ ಕೇಳಿದರೆ ಹೇಳಬೇಕಲ್ಲ. ದಿನೇಶನ ಚಿಕ್ಕಪ್ಪನ ಹೆಂಡತಿ ಮಲ್ಲಿಯೂ ಹೋಗಿ ಕೂತಿದ್ದಳು. ಅವಳಿಗೆ ಒಂದು ಸಂಶಯ ಬಂತು. ಕೋಳಿ ಕೂಗುವ ಮೊದಲೇ ಕ್ಯಾರೆಟ್ ತೊಳೆಯುವ ಮಿಷನ್ ಗುಡುಗಲು ಶುರುವಾಗಿ ಅಡುಗೆಮನೆಯ ಲೋಟಗಳು ಕುಣಿಯುತ್ತವೆ. ಮೇಟುಪಾಳ್ಯದ ಲಾರಿಗಳು ಹಾರ್ನ್ ಹೊಡೆದು ಹೊಡೆದು ಲೋಡು ಕೇಳುತ್ತವೆ. ಕಾಡೆಮ್ಮೆ ಕೋಸಿನ ಹೊಲಕ್ಕೆ ಇಳಿದರೆ ಅರ್ಧ ಹಟ್ಟಿ ತಗಡು ಬಡಿಯುತ್ತದೆ, ಇನ್ನರ್ಧ ಪಟಾಕಿ ಹಚ್ಚುತ್ತದೆ. ಇದಕ್ಕೆಲ್ಲ ಯಾವ ಪದ ಎಂದು ಕೇಳಿದಳು. ಆ ಪಾಠದಲ್ಲಿ ಅದು ಬರುವುದಿಲ್ಲ ಎಂದ ದಿನೇಶ.

ಮನೆಗೆ ಹೋಗಿ ಮಲ್ಲಿ ಇದನ್ನು ಹೇಳಿದಾಗ ದಿನೇಶನ ತಾಯಿ ಗಿರಿಜಿ ಮಂಚದ ಮೇಲೆ ಕೆಮ್ಮು ಹತ್ತುವಷ್ಟು ನಕ್ಕಳು. ಗಿರಿಜಿ, ಮಲ್ಲಿ ಓರಗಿತ್ತಿಯರು. ಒಂದೇ ಗೋಡೆಯ ಆಚೆ ಈಚೆ ಸಂಸಾರ ಮಾಡಿದವರು. ಗಿರಿಜಿ ಕಾಲು ಬಿದ್ದುಹೋಗಿ ಮಂಚ ಹಿಡಿದ ಮೇಲೆ ಅವಳ ಕಾಫಿ, ಗಂಜಿ, ತಲೆ ಬಾಚುವುದು ಎಲ್ಲ ಮಲ್ಲಿಯ ಪಾಲಿಗೆ ಬಂದಿತ್ತು. ನಗು ನಿಂತ ಮೇಲೆ ಗಿರಿಜಿ ಹಳೆಯ ಮಾತನ್ನೇ ಮತ್ತೆ ತೆಗೆದಳು. ಕೊರೋನಾ ವರ್ಷದಲ್ಲಿ ಅವಳ ಗಂಡ ತೀರಿಕೊಂಡಿದ್ದ. ಪ್ಲಾಸ್ಟಿಕ್ ಸುತ್ತಿ ವ್ಯಾನಿನಲ್ಲಿ ತಂದರು. ವಾದ್ಯವಿಲ್ಲ, ಮಂಚದ ಸುತ್ತ ಕುಣಿಯುವ ಆಟವಿಲ್ಲ, ನಾಲ್ಕು ಜನರ ಮುಂದೆ ಮಣ್ಣಿಗಿಟ್ಟು ಬಂದರು. ಕರು ಹರಸುವುದೂ ಆಗಲಿಲ್ಲ. ಕರು ಹರಸುವುದೆಂದರೆ, ಸತ್ತವರ ಮೇಲೂ ಅವರ ಕುಲದ ಮೇಲೂ ಇರಬಹುದಾದ ಪಾಪಗಳನ್ನು ಹಿರಿಯನೊಬ್ಬ ಒಂದೊಂದಾಗಿ ಕೂಗಿ ಹೇಳಬೇಕು, ನೆರೆದವರೆಲ್ಲ ಪ್ರತಿಯೊಂದಕ್ಕೂ "ಪಾಪ" ಎಂದು ದನಿಗೂಡಿಸಬೇಕು. ಆಗ ಹೊರೆ ಇಳಿದು ದಾರಿ ತೆರೆಯುತ್ತದೆ. ಗಂಡ ಇನ್ನೂ ಆ ಹೊರೆ ಹೊತ್ತು ಎಲ್ಲೋ ನಿಂತಿದ್ದಾನೆ ಎಂದೇ ಗಿರಿಜಿಗೆ ಅನಿಸುತ್ತಿತ್ತು.

"ಎನ್ನನ್ನ ಹಂಗೆ ಕದ್ದ ಮಾಲಿನಂತೆ ಸಾಗಿಸಬೇಡಿ, ಮಲ್ಲಿ," ಎಂದಿದ್ದಳು. "ವಾದ್ಯ ಬೇಕು. ಆಟ ಬೇಕು. ಕರು ಹರಸಬೇಕು. ಗುಡ್ಡದ ಆಚೆಗೂ ಕೇಳಬೇಕು."

ಮಲ್ಲಿ ಆಗಲಿ ಎಂದು ಅವಳ ಕೈಮೇಲೆ ಕೈಯಿಟ್ಟಿದ್ದಳು.

ಆ ಶುಕ್ರವಾರ ಬೆಳಿಗ್ಗೆ ಕಾಫಿ ತಂದು ಎಬ್ಬಿಸಿದರೆ ಗಿರಿಜಿ ಏಳಲಿಲ್ಲ.

ದಿನೇಶ ಅತ್ತ. ಅತ್ತದ್ದು ಸುಳ್ಳಲ್ಲ. ಮೂಗು ಒರೆಸಿಕೊಂಡು ಹೊರಗೆ ಬಂದಾಗ ಬೋರ್ಡು ಕಣ್ಣಿಗೆ ಬಿತ್ತು, ಅಳು ಅಲ್ಲಿಗೆ ನಿಂತಿತು. ಅಂದು ಮಧ್ಯಾಹ್ನ ಚೆನ್ನೈಯಿಂದ ಗೆಸ್ಟುಗಳು ಬರುವವರಿದ್ದರು. ಅವರಲ್ಲಿ ಒಬ್ಬ ಹೆಂಗಸು ತಾನು ತಂಗಿದ ಊರುಗಳ ಬಗ್ಗೆ ಫೋನಿನಲ್ಲಿ ಬರೆಯುವವಳು. ಅವಳು ಚೆನ್ನಾಗಿದೆ ಎಂದರೆ ಜನ ಮುಗಿಬೀಳುತ್ತಾರಂತೆ. ಅವಳು ಬರಲೆಂದು ದಿನೇಶ ಮಳೆಗಾಲವಿಡೀ ಕಾದಿದ್ದ. ತಾಯಿ ಸತ್ತ ಬೆಳಿಗ್ಗೆ ಅವನು ಮಾಡಿದ ಮೊದಲ ಫೋನು ಆ ಗೆಸ್ಟುಗಳ ಡ್ರೈವರಿಗೆ: ನಿಧಾನವಾಗಿ ಬನ್ನಿ, ಕೂನೂರಿನಲ್ಲಿ ತಿಂಡಿ ತಿನ್ನಿಸಿ, ಪಾರ್ಕು ತೋರಿಸಿ.

ಆಮೇಲೆ ಹಿರಿಯರನ್ನು ಕೂಡಿಸಿದ. ಈಗಿನ ಕಾಲಕ್ಕೆ ಎಲ್ಲ ಸಿಂಪಲ್ ಆಗಿದ್ದರೆ ಚೆಂದ ಎಂದ. ಹತ್ತಿರದವರು ಸಾಕು, ವ್ಯಾನು ತರಿಸಿದ್ದೇನೆ, ಹನ್ನೊಂದಕ್ಕೆಲ್ಲ ಮುಗಿಸೋಣ ಎಂದ. ಅವ್ವೆ ಪೀಸ್‌ಫುಲ್ ಆಗಿ ಹೋದಳು, ಪೀಸ್‌ಫುಲ್ ಆಗಿಯೇ ಕಳಿಸೋಣ ಎಂದ. ಎಷ್ಟು ನಯವಾಗಿ ಹೇಳಿದನೆಂದರೆ, ಸತ್ತವಳಿಗೇ ಏನೋ ಉಪಕಾರ ಮಾಡುತ್ತಿರುವ ಹಾಗಿತ್ತು.

ಕರು ಹರಸುವ ಹಿರಿಯ ಭೀಮಣ್ಣ ನೆಲ ನೋಡಿದ. ಗೆಸ್ಟುಗಳ ಜೀಪು ಓಡಿಸುವವನು ಅವನ ಮೊಮ್ಮಗ. ಅವನ ಪಕ್ಕದವನು ಹೋಮ್‌ಸ್ಟೇಗೆ ಹಾಲು ಹಾಕುವವನು, ಆಚೆಯವನು ಸೌದೆ ಕೊಡುವವನು. ಹಬ್ಬದ ದಿನ ಯಾರು ಮೊದಲು ಕಾಣಿಕೆ ಇಡಬೇಕೆಂದು ಜಗಳವಾಡಿ ಮಧ್ಯಾಹ್ನ ಮಾಡುವ ಗಂಡಸರು, ಆ ಬೆಳಿಗ್ಗೆ ನಾಲಿಗೆಯನ್ನು ಮನೆಯಲ್ಲೇ ಬಿಟ್ಟು ಬಂದಿದ್ದರು. ಮಗ ಹೇಳಿದ ಮೇಲೆ ನಾವೇನ ಹೇಳೋದು ಎಂದರು. ಕ್ಲೋಸ್-ನಿಟ್ ಕಮ್ಯುನಿಟಿ ಎಂದೂ ಪಾಠದಲ್ಲಿತ್ತು. ಒಬ್ಬರಿಗೊಬ್ಬರು ಹೆಣೆದುಕೊಂಡ ಜನ ಎಂದು ಅರ್ಥ. ಹೆಣಿಗೆ ಯಾವ ದಾರದ್ದು ಎಂದು ಮಲ್ಲಿಗೆ ಅಂದು ಕಂಡಿತು.

ಅವಳು ಅಲ್ಲಿ ಏನೂ ಆಡಲಿಲ್ಲ. ಆಡಿದ್ದರೆ, ಚಿಕ್ಕವ್ವೆ ನಿನಗೆ ತಿಳಿಯುವುದಿಲ್ಲ ಎಂದು ಅವನು ಸುಮ್ಮನಾಗಿಸುತ್ತಿದ್ದ. ಸೀದಾ ಮನೆಗೆ ಬಂದು ಅಡುಗೆಮನೆಯ ಬಾಗಿಲು ಮುಂದೆ ಮಾಡಿ ಫೋನು ತೆಗೆದಳು.

ಹೆಣ್ಣು ಸತ್ತರೆ ಮೊದಲು ಸುದ್ದಿ ಹೋಗಬೇಕಾದ್ದು ಅವಳ ತವರಿನ ಹಟ್ಟಿಗೆ. ತವರಿನವರು ಬಂದು ಬಟ್ಟೆ ಹೊದಿಸುವವರೆಗೆ ಅವಳನ್ನು ಎತ್ತುವ ಹಕ್ಕು ಮಗನಿಗೂ ಇಲ್ಲ. ಊರಿಗೆಲ್ಲ ಇಂಗ್ಲಿಷ್ ಕಲಿಸುವ ದಿನೇಶನಿಗೆ ಇದು ಮರೆತಿತ್ತು. ಅಥವಾ ಎತ್ತಿದ ಮೇಲೆ ತಿಳಿಸಿದರಾಯಿತು ಎಂದುಕೊಂಡಿದ್ದನೋ ಏನೋ. ಕೋತಗಿರಿ ಕಡೆಯ ಹಟ್ಟಿಯಲ್ಲಿ ಗಿರಿಜಿಯ ತಮ್ಮ ರಾಜೇಂದ್ರನ್ ಇದ್ದ. ಮಲ್ಲಿ ಅವನಿಗೆ ಎರಡೇ ಮಾತು ಹೇಳಿದಳು.

"ಅಣ್ಣ, ನಿನ್ನಕ್ಕ ಹೋದಳು. ಸದ್ದಿಲ್ಲದೆ ಎತ್ತಬೇಕಂತೆ."

"ಯಾರು ಹೇಳಿದ್ದು?" ಎಂದ ರಾಜೇಂದ್ರನ್. ಅವಳ ಉತ್ತರಕ್ಕೆ ಕಾಯದೆ ಫೋನು ಇಟ್ಟ.

ತರಿಸಿದ ವ್ಯಾನು ಬಾಗಿಲಿಗೆ ಹಿಂದೆ ಹಿಂದೆ ಬಂದು ನಿಂತಿತ್ತು. ಮಲ್ಲಿ ಗಿರಿಜಿಯನ್ನು ಮೀಯಿಸುವ ನೆಪದಲ್ಲಿ ನೀರು ಬಿಸಿಯಾಗಿಲ್ಲ ಎಂದಳು, ಬಿಳಿ ಸೀರೆ ಸಿಗುತ್ತಿಲ್ಲ ಎಂದಳು, ಸಿಕ್ಕಿದ ಸೀರೆಯ ಅಂಚು ಹರಿದಿದೆ ಎಂದಳು. ಸ್ಲೋ ಪೇಸ್ ಆಫ್ ಲೈಫ್ ಎಂದು ಅವನೇ ಕಲಿಸಿದ್ದನಲ್ಲ, ಹಳ್ಳಿಯಲ್ಲಿ ಎಲ್ಲ ನಿಧಾನ ಎಂದು. ಅವನು ಬಾಗಿಲಾಚೆ ವಾಚು ನೋಡಿಕೊಂಡು ಓಡಾಡುವುದು ಅವಳಿಗೆ ಕೇಳಿಸುತ್ತಿತ್ತು. ಅವಳು ಗಿರಿಜಿಯ ಕೂದಲನ್ನು ಎಳೆ ಎಳೆಯಾಗಿ ಬಿಡಿಸಿ ಬಾಚಿದಳು.

ಕೊನೆಗೆ ಕೆಳಗಿನ ತಿರುವಿನಲ್ಲಿ ಹಾರ್ನುಗಳು ಕೇಳಿದವು. ಜೀಪು, ಮಿನಿ ಬಸ್ಸು, ಸೊಪ್ಪು ಒಯ್ಯುವ ಪಿಕಪ್ಪು, ಸಾಲಾಗಿ ಏರಿ ಬಂದವು. ಒಂದರಲ್ಲಿ ವಾದ್ಯದವರು, ಇಳಿಯುವ ಮೊದಲೇ ಊದತೊಡಗಿದ್ದರು. ಸಾಲಿನ ಬಾಲದಲ್ಲಿ, ಮುಂದೆ ಹೋಗಲೂ ಆಗದೆ ಹಿಂದೆ ಸರಿಯಲೂ ಆಗದೆ, ಚೆನ್ನೈ ಗೆಸ್ಟುಗಳ ಕಾರು.

ರಾಜೇಂದ್ರನ್ ಇಳಿದು ಬಂದ. ಸೋದರಮಾವ ಎದುರು ನಿಂತ ಮೇಲೆ ದಿನೇಶ ತಲೆ ಬಾಗಿಸಲೇಬೇಕು, ಬಾಗಿಸಿದ. ಮಾವ ಆ ತಲೆಯ ಮೇಲೆ ಕೈಯಿಟ್ಟು ಹರಸಿದ. ಕೈ ತೆಗೆಯದೆಯೇ ಕೇಳಿದ: "ವಾದ್ಯದವರು ಎಲ್ಲಿ ಕೂರಬೇಕು, ಮಗಾ?"

ದಿನೇಶ ಅಂಗಳ ತೋರಿಸಿದ. ಬೋರ್ಡಿನ ಬುಡ ಅದು.

ಮಂಚ ಹೊರಗೆ ಬಂತು. ಬಣ್ಣದ ಬಟ್ಟೆಯ ಚಪ್ಪರದ ಕೆಳಗೆ, ಮುಖ ತೆರೆದು, ಗಿರಿಜಿಯನ್ನು ಮಲಗಿಸಿದರು. ತವರಿನವರು ಬಟ್ಟೆ ಹೊದಿಸಿದರು. ಸುತ್ತಲೂ ಆಟ ಕಟ್ಟಿತು. ಅಕ್ಕಪಕ್ಕದ ಹಟ್ಟಿಗಳಿಗೂ ಸುದ್ದಿ ಮುಟ್ಟಿ ಜನ ಹೊಲದ ಬದುವಿನ ಮೇಲೆ, ಬಿಳಿ ಶಾಲು ಹೊದ್ದು, ಬಿಳಿ ಬಿಳಿಯಾಗಿ ಬರುತ್ತಿದ್ದರು.

ಗೆಸ್ಟುಗಳು ಏನಿದು ಎಂದು ಕೇಳಿದರು. ದಿನೇಶ ವಾದ್ಯದವರ ಕಡೆ, ಬೋರ್ಡಿನ ಕಡೆ ನೋಡಿದ. ಆಮೇಲೆ ಹೇಳಿದ: ಟ್ರೆಡಿಷನಲ್ ಫೆಸ್ಟಿವಲ್. ನಮ್ಮ ಹಬ್ಬ. ಹೆತ್ತ ತಾಯಿಯನ್ನು ಮುಚ್ಚಿಡಲಾಗದ ಮೇಲೆ ಅವಳನ್ನು ಹಬ್ಬ ಮಾಡಿದ, ಅಷ್ಟೇ. ಗೆಸ್ಟುಗಳಿಗೆ ಖುಷಿಯಾಯಿತು. ಕೋಣೆಯಲ್ಲಿ ಅವರಿಗೆಂದು ಮಡಿಸಿಟ್ಟಿದ್ದ ಬಿಳಿ ಶಾಲು ಹೊದ್ದು ಆಟಕ್ಕೆ ಇಳಿದರು, ಹೆಜ್ಜೆ ತಪ್ಪಿದಾಗ ನಕ್ಕರು. ಹಟ್ಟಿಯವರು ಮುಖ ಮುಖ ನೋಡಿಕೊಂಡರು.

ಫೋನಿನಲ್ಲಿ ಬರೆಯುವ ಹೆಂಗಸು ಫೋನು ಎತ್ತಿ ಹಿಡಿದುಕೊಂಡು ಮಂಚದ ಹತ್ತಿರ ಬಂದಳು. ತಲೆಯ ಬಳಿ ನಿಂತಿದ್ದ ಮಲ್ಲಿಯನ್ನು ಇಂಗ್ಲಿಷಿನಲ್ಲಿ ಕೇಳಿದಳು: ಈ ಅಜ್ಜಿ ಯಾರು, ಇಷ್ಟು ಸದ್ದಿನಲ್ಲಿ ಹೇಗೆ ಮಲಗಿದ್ದಾರೆ?

ಪಾಠದಲ್ಲಿ ಕಲಿತದ್ದು ಮಲ್ಲಿಗೆ ಅಂದು ಮೊದಲ ಸಲ ಉಪಯೋಗಕ್ಕೆ ಬಂತು.

"ಶೀ ಕ್ವಯೆಟ್," ಎಂದಳು ಗಿರಿಜಿಯ ಹಣೆ ಮುಟ್ಟಿ. ಆಮೇಲೆ ಅಂಗಳದ ಕಡೆ ಕೈ ಬೀಸಿ, "ವೀ ನಾಟ್ ಕ್ವಯೆಟ್," ಎಂದಳು.

ಆ ಹೆಂಗಸು ಗಿರಿಜಿಯ ಮೂಗಿನ ಹತ್ತಿಯನ್ನು ಆಗ ನೋಡಿದಳು. ಫೋನು ಕೆಳಗಿಳಿಯಿತು. ಶಾಲನ್ನು ತೆಗೆಯಬೇಕೋ ಬೇಡವೋ ತಿಳಿಯದೆ, ಚಪ್ಪಲಿ ಬಿಟ್ಟು ಗೋಡೆಗೆ ಒತ್ತಿ ನಿಂತಳು. ತನ್ನವರನ್ನೂ ಎಳೆದು ನಿಲ್ಲಿಸಿದಳು. ಅಷ್ಟಾದರೂ ಇತ್ತು ಅವಳಲ್ಲಿ.

ಮಣ್ಣಿಗೆ ಒಯ್ಯುವ ಮೊದಲು ಕರು ಹರಸಲು ಭೀಮಣ್ಣ ಎದ್ದ. ಮಲ್ಲಿ ಅವನ ಹತ್ತಿರ ಹೋಗಿ, ಮಾವ, ಒಂದು ಸೇರಿಸು ಎಂದು ಅದೇನೆಂದು ಹೇಳಿದಳು. ಅವನು ಅವಳ ಮುಖ ನೋಡಲಿಲ್ಲ.

ದನಿ ಮುದಿಯಾಗಿದ್ದರೂ ಗಟ್ಟಿಯಾಗಿತ್ತು. ನೆನೆಯುವ ಕರುವನ್ನು ಮಳೆಯಲ್ಲೇ ಬಿಟ್ಟದ್ದು ಎಂದ. ಪಾಪ ಎಂದಿತು ಜನ. ಹಸಿದು ಬಂದವರ ಮುಂದೆ ಪಾತ್ರೆ ಮುಚ್ಚಿದ್ದು. ಪಾಪ. ಓರಗಿತ್ತಿಯ ಹೊಸ ಸೀರೆ ಕಂಡು ಕಣ್ಣು ಉರಿದದ್ದು. ಪಾಪ ಎಂದವರಲ್ಲಿ ಮಲ್ಲಿಯೂ ಇದ್ದಳು. ಆ ಸೀರೆಯ ಕತೆ ಅವಳಿಗೂ ಗಿರಿಜಿಗೂ ಗೊತ್ತಿತ್ತು. ಹೀಗೆ ಎಷ್ಟೋ ನಡೆದ ಮೇಲೆ ಭೀಮಣ್ಣ ಕೂಗಿದ:

"ಹೆತ್ತವಳ ಸಾವಿಗೆ ಬಾಯಿ ಮುಚ್ಚಿ ಎಂದದ್ದು."

ಜನ ದಿನೇಶನ ಕಡೆ ತಿರುಗಿತು. ಆಮೇಲೆ ಗುಡ್ಡದ ಆಚೆಗೂ ಕೇಳುವ ಹಾಗೆ ಪಾಪ ಎಂದಿತು. ಮಗ ತಲೆಯ ಬಳಿ ನಿಂತಿರುತ್ತಾನೆ, ಪ್ರತಿ ಮಾತಿಗೂ ದನಿಗೂಡಿಸಲೇಬೇಕು. ದಿನೇಶನ ತುಟಿ ಅಲುಗಿದ್ದನ್ನು ಮಲ್ಲಿ ನೋಡಿದಳು. ದನಿ ಬರುವವರೆಗೂ ನೋಡಿದಳು.

ಭೀಮಣ್ಣ ಅಲ್ಲಿಗೆ ನಿಲ್ಲಿಸಲಿಲ್ಲ. ಮಲ್ಲಿ ಹೇಳಿಕೊಡದ ಇನ್ನೊಂದನ್ನು ತಾನೇ ಕೂಗಿದ: "ಕೇಳಿಯೂ ನೆಲ ನೋಡಿ ಕೂತದ್ದು." ಹಾಲಿನವನು, ಸೌದೆಯವನು ಎಲ್ಲರಿಗಿಂತ ಗಟ್ಟಿಯಾಗಿ ಪಾಪ ಎಂದರು. ಗಿರಿಜಿ ಹಗುರಾಗಿ ಹೋದಳು.

ಸೂತಕ ಕಳೆದ ಮೇಲೆ ಸಮುದಾಯ ಭವನದಲ್ಲಿ ಮತ್ತೆ ಪಾಠ ಶುರುವಾಯಿತು. ಬೋರ್ಡಿಗೆ ಹೊಸ ಬಣ್ಣ ಬಂದಿತ್ತು: ಪೀಸ್ ಅಳಿಸಿ ಟ್ರೆಡಿಷನ್ ಎಂದು ಬರೆದಿತ್ತು. ಚೆನ್ನೈ ಹೆಂಗಸು ಅಂದು ಕಂಡದ್ದರ ಬಗ್ಗೆ ಒಂದಕ್ಷರವನ್ನೂ ಬರೆದಿರಲಿಲ್ಲ. ಆದರೆ ಅವಳ ಜೊತೆ ಬಂದವನೊಬ್ಬ ಆಟದ ವೀಡಿಯೊವನ್ನು ಯಾರು ಯಾರಿಗೋ ಕಳಿಸಿದ್ದ, ಫೋನುಗಳು ಬರುತ್ತಿದ್ದವು. ದಿನೇಶ ಹೊಸ ಪದ ಕಲಿಸಿದ, ವೈಬ್ರಂಟ್. ಜೀವ ತುಂಬಿ ತುಳುಕುವ ಊರು ಎಂದು ಅರ್ಥ ಹೇಳಿದ. ಪಾಠ ಮುಗಿದ ಮೇಲೆ ಚಿಕ್ಕಮ್ಮನ ಹತ್ತಿರ ಬಂದು, ಕಾಲ ಬುಡ ನೋಡುತ್ತಾ, ಆ ಹಬ್ಬ ಇನ್ನು ಯಾವಾಗ ಎಂದು ಕೇಳುತ್ತಿದ್ದಾರೆ, ಏನು ಹೇಳಲಿ ಎಂದ.

ಮಲ್ಲಿ ಸೊಂಟ ಹಿಡಿದುಕೊಂಡು ಎದ್ದಳು.

"ಸಾಲಿನಲ್ಲಿ ಇನ್ನು ನಾನೇ ಇರೋದು ಅನ್ನು," ಎಂದಳು. "ತಾರೀಕು ಗೊತ್ತಾದ ಕೂಡಲೆ ಮೊದಲು ನನ್ನ ತವರಿಗೆ ಫೋನು ಮಾಡಿಸ್ತೀನಿ. ನಿನಗೆ ಅಲ್ಲಿಂದ ತಿಳಿಯುತ್ತೆ."