ತೊಗಟೆ ಸಮೇತ ಒಂದು ತುಂಡು

ನಾನು ಒಂದು ಕೈಗರಗಸ. ಮರ ಸವರುವವರ ಸೊಂಟದಲ್ಲಿ ಒರೆಯೊಳಗೆ ತೂಗುವ, ಕುಡುಗೋಲಿನಂತೆ ತುಸು ಬಾಗಿದ ಜಾತಿ ನನ್ನದು. ಜಪಾನಿನ ಒಂದು ಸಣ್ಣ ಊರಿನಲ್ಲಿ ಬರಿಯ ಉಕ್ಕಿನ ತಗಡಾಗಿದ್ದ ನನ್ನನ್ನು ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಹಲ್ಲುಗಳನ್ನು ಒಂದೊಂದಾಗಿ ಮಸೆದರು. ಹಲ್ಲುಗಳೆಲ್ಲ ಹಿಂದಕ್ಕೆ, ಹಿಡಿಯ ಕಡೆಗೆ ಮುಖ ಮಾಡಿವೆ. ತಳ್ಳಿದರೆ ಸುಮ್ಮನೆ ಜಾರುತ್ತೇನೆ, ಎಳೆದಾಗ ಮಾತ್ರ ಕೊಯ್ಯುತ್ತೇನೆ. ಅಂದರೆ ನನ್ನನ್ನು ಹಿಡಿದವನು ಪ್ರತಿಸಲವೂ ತನ್ನ ಮೈಯ ಕಡೆಗೇ ಕೊಯ್ಯುತ್ತಾನೆ. ಇದನ್ನು ಯಾವ ಡಬ್ಬಿಯ ಮೇಲೂ ಬರೆಯುವುದಿಲ್ಲ.

ಡಬ್ಬಿ ತೆರೆದಾಗ ನಾನು ಕೆನಡಾದ ಬಯಲಿನ ನಡುವಿನ ಒಂದು ಊರಲ್ಲಿದ್ದೆ. ಸುತ್ತ ಬೆಟ್ಟವಿಲ್ಲ, ಕಾಡಿಲ್ಲ. ನಾಳೆ ಬರುವ ಮೋಡ ಇವತ್ತೇ ಕಾಣುವಷ್ಟು ಚಪ್ಪಟೆ ನೆಲ. ವರ್ಷದಲ್ಲಿ ಅರ್ಧ ಹಿಮ. ಅಂಥ ಕಡೆ ಮರ ತಾನಾಗಿ ಹುಟ್ಟಿ ದೊಡ್ಡದಾಗುವುದು ಅಪರೂಪ. ಬೀದಿಯ ಎರಡು ಬದಿಗೆ ಕಮಾನು ಕಟ್ಟಿ ನಿಂತ ಒಂದೊಂದು ಎಲ್ಮ್ ಮರವನ್ನೂ ಯಾರೋ ನೆಟ್ಟು, ಬಕೆಟ್ಟಿನಲ್ಲಿ ನೀರು ಹೊತ್ತು ಬದುಕಿಸಿದ್ದರು.

ನನ್ನ ಮೊದಲ ಯಜಮಾನ ಓರೆಸ್ಟ್, ಮರ ಸವರುವ ಕಂಪನಿಯೊಂದರ ಮೇಸ್ತ್ರಿ. ದಿನಾ ಬೆಳಿಗ್ಗೆ ಲಾರಿ ಹೊರಡುವ ಮುಂಚೆ ಆಳುಗಳನ್ನು ನಿಲ್ಲಿಸಿಕೊಂಡು ಅದದೇ ಪಾಠ ಹೇಳುತ್ತಿದ್ದ. ಎಲ್ಮ್ ಮರಕ್ಕೆ ಒಂದು ಬೂಷ್ಟು ರೋಗ ಬರುತ್ತದೆ. ಅಕ್ಕಿಕಾಳಿಗಿಂತ ಚಿಕ್ಕ ದುಂಬಿ ಅದನ್ನು ಮೈಗೆ ಅಂಟಿಸಿಕೊಂಡು ಮರದಿಂದ ಮರಕ್ಕೆ ಹಾರುತ್ತದೆ. ಒಳಗಿನ ನೀರಿನ ನಾಳ ಕಟ್ಟಿಕೊಂಡರೆ ನೂರು ವರ್ಷದ ಮರ ಒಂದೇ ಬೇಸಿಗೆಯಲ್ಲಿ ಸಾಯುತ್ತದೆ. ಅದಕ್ಕೇ ದುಂಬಿ ಮಲಗಿರುವ ಚಳಿಗಾಲದಲ್ಲಷ್ಟೇ ಎಲ್ಮ್ ಸವರಬೇಕು. ಮರದಿಂದ ಇಳಿದ ಕೂಡಲೆ ಗರಗಸವನ್ನು ಸ್ಪಿರಿಟ್ಟಿನಲ್ಲಿ ಒರೆಸಬೇಕು.

"ಇನ್ನೊಂದು," ಎಂದು ಬೆರಳೆತ್ತುತ್ತಿದ್ದ. "ತೊಗಟೆ ಇರುವ ಎಲ್ಮ್ ತುಂಡು ಯಾರ ಮನೆಗೂ ಹೋಗಬಾರದು. ಬೆರಳುದ್ದದ್ದೂ ಬೇಡ. ದುಂಬಿ ಮರಿ ಮಾಡುವುದೇ ತೊಗಟೆಯ ಕೆಳಗೆ."

ಕೇಳಿಕೇಳಿ ಆಳುಗಳು ಬಾಯಿಪಾಠ ಮಾಡಿಕೊಂಡಿದ್ದರು. ಬಾಯಿಪಾಠವಾದ ಮಾತು ಕಿವಿಯವರೆಗೂ ಹೋಗುವುದಿಲ್ಲ ಎನ್ನುವುದನ್ನು ನಾನು ಆಮೇಲೆ ನೋಡಿದೆ.

ಒಂದು ಚಳಿಗಾಲ ಆ ಗುಂಪಿಗೆ ಪೂವಪ್ಪ ಬಂದು ಸೇರಿದ. ಸುಳ್ಯದ ಕಡೆಯವನು. ಹೆಂಡತಿ ಜಲಜಾಕ್ಷಿಗೆ ಇಲ್ಲಿನ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿದ್ದರಿಂದ ಅವಳ ಹಿಂದೆ ಬಂದವನು. ಊರಲ್ಲಿದ್ದಾಗ ಮಡಿಕೇರಿ ಕಡೆಯ ಕಾಫಿ ತೋಟಗಳಲ್ಲಿ ಮರಗಸಿ ಮಾಡುತ್ತಿದ್ದ. ಕಾಫಿ ಗಿಡಕ್ಕೆ ಬೇಕಾದಷ್ಟೇ ಬಿಸಿಲು ಬೀಳುವಂತೆ ನೆರಳಿನ ಮರದ ಕೊಂಬೆ ಇಳಿಸುವ ಕೆಲಸ ಅದು. ಹಗ್ಗ ಹಾಕಿ ಮೊದಲ ದಿನ ಅವನು ಮರ ಏರಿದ್ದನ್ನು ಕಂಡು ಓರೆಸ್ಟ್ ಬಾಯಿಯ ಸಿಗರೇಟು ತೆಗೆದ.

"ಹಿಮವನ್ನೇ ಕಾಣದ ಊರಿನವನು ಮೈನಸ್ ಮೂವತ್ತರಲ್ಲಿ ಮಂಗನ ಹಾಗೆ ಹತ್ತುತ್ತೀಯಲ್ಲ ಪೂವಾ, ಹೆದರಿಕೆ ಇಲ್ಲವೇ?"

"ನಮ್ಮಲ್ಲಿ ಮರ ಹತ್ತಿದರೆ ಜಿಗಣೆ, ಕೆಂಪಿರುವೆ, ಹಸಿರು ಹಾವು. ಇಲ್ಲಿ ಬರೀ ಚಳಿ. ಕಚ್ಚುವ ಹುಳ ಒಂದೂ ಇಲ್ಲ," ಎಂದ ಪೂವಪ್ಪ.

ಎಲ್ಲರೂ ನಕ್ಕರು. ಓರೆಸ್ಟ್ ನಗಲಿಲ್ಲ. ಆ ಚಳಿಗಾಲದ ಕೊನೆಗೆ, ಮಂಡಿ ಸೋತು ಕೆಲಸ ಬಿಡುವ ದಿನ, ನನ್ನನ್ನು ಒರೆ ಸಮೇತ ಬಿಚ್ಚಿ ಪೂವಪ್ಪನ ಸೊಂಟಕ್ಕೆ ತಾನೇ ಕಟ್ಟಿದ. "ಹುಳ ಇದೆ. ಕಾಣುವುದಿಲ್ಲ, ಅಷ್ಟೇ," ಎಂದ.

ಪೂವಪ್ಪನ ಕೈ ಒಳ್ಳೆಯ ಕೈ. ಕೊಂಬೆಯ ಬುಡದ ಉಬ್ಬನ್ನು ಉಳಿಸಿ, ಗಾಯ ತಾನಾಗಿ ಮುಚ್ಚಿಕೊಳ್ಳುವಂತೆ ಕೊಯ್ಯುತ್ತಿದ್ದ. ಒರೆಸುವುದನ್ನು ಒಂದು ದಿನವೂ ತಪ್ಪಿಸಲಿಲ್ಲ. ಹತ್ತು ವರ್ಷ ನಾವಿಬ್ಬರು ಹೀಗೆ ಊರಿನ ತಲೆಯ ಮೇಲೆ ಓಡಾಡಿದೆವು.

ಅವನ ಮನೆಯಲ್ಲಿ ಒಂದು ಹಳೆಯ ಆಸೆ ಇತ್ತು. ಜಲಜಾಕ್ಷಿ ಈ ದೇಶಕ್ಕೆ ಬರುವಾಗ ತಾಯಿಯ ತುರಿಮಣೆಯನ್ನು ತರಲು ಹೊರಟಿದ್ದಳು. ಮಣೆ ಪೆಟ್ಟಿಗೆಯಲ್ಲಿ ಹಿಡಿಸಲಿಲ್ಲ. ಕಾಯಿ ತುರಿಯುವ ಕಬ್ಬಿಣದ ನಾಲಗೆಯನ್ನಷ್ಟೇ ಕಿತ್ತು, ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ತಂದಿದ್ದಳು. ಅದು ಹನ್ನೊಂದು ವರ್ಷದಿಂದ ಗ್ಯಾರೇಜಿನಲ್ಲಿ, ನನ್ನ ಮೊಳೆಯ ಪಕ್ಕದ ಹಲಗೆಯ ಮೇಲೆ, ಮಣೆಗಾಗಿ ಕಾಯುತ್ತಿತ್ತು.

ಒಂದು ಫೆಬ್ರವರಿಯಲ್ಲಿ ಹೊಳೆಯಾಚೆಯ ಬೀದಿಯಲ್ಲಿ ಎಲ್ಮ್ ಸವರುತ್ತಿದ್ದೆವು. ದಪ್ಪ ಕೊಂಬೆಯೊಂದರಲ್ಲಿ ನನ್ನ ಹಲ್ಲು ಇಳಿದಾಗ ಬೇರೆಯೇ ರುಚಿ ಹತ್ತಿತು. ಕಹಿಯಲ್ಲ, ಹಳಸಿದ ನೀರಿನಂತೆ. ತೊಗಟೆಯ ಒಳಬದಿಗೆ, ಆ ಬೂಷ್ಟು ರೋಗದ ಗುರುತಾದ, ಕಂದು ಚುಕ್ಕಿಗಳ ಉಂಗುರವಿತ್ತು. ಎಲೆ ಇರುವ ಕಾಲವಾಗಿದ್ದರೆ ಬಾಡಿದ್ದು ಕೆಳಗಿನಿಂದಲೇ ಕಾಣುತ್ತಿತ್ತು. ಆ ದಿನ ಪೂವಪ್ಪನ ಕನ್ನಡಕದ ಮೇಲೆ ಉಸಿರು ಹೆಪ್ಪುಗಟ್ಟಿತ್ತು. ಅವನಿಗೆ ಕಂಡದ್ದು ಒಂದೇ: ಎಂದೂ ಸೀಳದ, ಒತ್ತಾದ ಎಳೆಯ, ಒಬ್ಬರು ಕೂರುವಷ್ಟು ಅಗಲದ ತುಂಡು. ಇಳಿದು ಬಂದು ನನ್ನನ್ನು ಎಂದಿನಂತೆ ಸ್ಪಿರಿಟ್ಟಿನಲ್ಲಿ ಒರೆಸಿದ. ತುಂಡನ್ನು ಲಾರಿಯ ಸೀಟಿನ ಕೆಳಗೆ ತಳ್ಳಿದ.

ಗ್ಯಾರೇಜಿನ ಬಾಗಿಲಲ್ಲಿ ಜಲಜಾಕ್ಷಿ ತಡೆದಳು. "ಇದೆಂಥದು ಸೌದೆ ಹೊತ್ತುಕೊಂಡು ಬಂದದ್ದು?"

"ಸೌದೆ ಅಲ್ಲ ಮಾರಾಯ್ತಿ, ನಿನ್ನ ತುರಿಮಣೆ."

"ಹನ್ನೊಂದು ವರ್ಷಕ್ಕೆ ನೆನಪಾಯ್ತಲ್ಲ, ನನ್ನ ಪುಣ್ಯ!" ಎಂದವಳು ಬಗ್ಗಿ ನೋಡಿದಳು. "ತೊಗಟೆ ಉಂಟಲ್ಲ ಇದಕ್ಕೆ? ತರಬಾರದು ಅಂತ ನೀವೇ ಹೇಳ್ತಿದ್ದಿರಿ."

"ಈಗ ತೆಗೆದರೆ ಒಣಗುವಾಗ ಬಿರಿದು ಹೋಗ್ತದೆ. ನಮ್ಮಲ್ಲಿ ಹಲಸಿನ ಮರ ಒಣಗಿಸುವುದು ಹೇಗೆ? ತೊಗಟೆ ಸಮೇತ, ನೆರಳಲ್ಲಿ. ಮೇ ತಿಂಗಳಿಗೆ ತೆಗೀತೇನೆ. ಮರ ಒಳ್ಳೇದುಂಟು, ನಾನೇ ಕೊಯ್ದದ್ದಲ್ವಾ?"

ಹಲಸಿಗೆ ಸರಿಯಾದ ಮಾತು ಅದು. ಅವನ ಅಪ್ಪ, ಅಜ್ಜ ಮಾಡಿದ್ದೂ ಹಾಗೆಯೇ. ತುಂಡು ನನ್ನ ಮೊಳೆಯ ಕೆಳಗೇ ಒರಗಿ ಕೂತಿತು.

ಮಾರ್ಚ್ ಕಳೆದು ಹಿಮ ತೊಟ್ಟಿಕ್ಕತೊಡಗಿದಾಗ ಕೆಳಗಿನಿಂದ ಸದ್ದು ಕೇಳಿತು. ಯಾರೋ ಬಾಯಿ ಮುಚ್ಚಿಕೊಂಡು ಹುರಿಗಡಲೆ ಅಗಿಯುವಂಥ ಸದ್ದು. ಗ್ಯಾರೇಜಿನ ಕಿಟಕಿಯಿಂದ ಬಿಸಿಲು ಬಿದ್ದ ಹೊತ್ತಿಗೆ ಜೋರಾಗುತ್ತಿತ್ತು, ಮೋಡ ಬಂದರೆ ನಿಲ್ಲುತ್ತಿತ್ತು. ಹೇಳೋಣವೆಂದರೆ ನನಗೆ ಹಲ್ಲಿವೆ, ನಾಲಗೆಯಿಲ್ಲ. ಮೇ ತಿಂಗಳಲ್ಲಿ ಬಿರುಗಾಳಿ ಬೀಸಿ ಊರ ತುಂಬ ಕೊಂಬೆ ಮುರಿದು ಬಿದ್ದವು. ಪೂವಪ್ಪನಿಗೆ ಊಟಕ್ಕೂ ಪುರಸೊತ್ತಿಲ್ಲದಾಯಿತು. ಜೂನ್ ಮೊದಲ ವಾರ, ಬೆಚ್ಚಗಿನ ಒಂದು ಮಧ್ಯಾಹ್ನ, ತೊಗಟೆಯ ಮೇಲೆ ಸಾಸಿವೆಯಷ್ಟು ತೂತುಗಳು ಒಂದಾದ ಮೇಲೊಂದು ತೆರೆದುಕೊಂಡವು. ಕಪ್ಪು ದುಂಬಿಗಳು ಹೊರಬಂದು ತುಸು ಹೊತ್ತು ರೆಕ್ಕೆ ಒಣಗಿಸಿಕೊಂಡವು. ಆಮೇಲೆ ಕಿಟಕಿಯ ಸಂದಿನಿಂದ ಒಂದೊಂದಾಗಿ ಹಾರಿಹೋದವು.

ಕಿಟಕಿಯ ಆಚೆ ಬೇಲಿ. ಬೇಲಿಯ ಆಚೆ ಡೊರೀನಳ ಎಲ್ಮ್ ಮರ.

ಡೊರೀನ್ ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದವಳು. ಗಂಟಲು ಈಗಲೂ ಹಿಂದಿನ ಸೀಟಿನವರೆಗೂ ತಲುಪುವಂಥದ್ದು. ಪೂವಪ್ಪ ಅವಳನ್ನು ಡೊರೀನಕ್ಕ ಎನ್ನುತ್ತಿದ್ದ. ಆ ಮರವನ್ನು ಅವಳ ಅಪ್ಪ ನೆಟ್ಟದ್ದು, ಅವಳು ಹುಟ್ಟಿದ ವರ್ಷ. ಅದರ ಒಂದೊಂದು ಕೊಂಬೆಯನ್ನೂ ನಾನು ಬಲ್ಲೆ. ಪ್ರತಿ ಜನವರಿ ಅದನ್ನು ಸವರುವುದು ಪೂವಪ್ಪನೇ, ನೆರೆಯವನೆಂಬ ಸಲಿಗೆಯಿಂದ.

ವಾರ ಕಳೆದ ಮೇಲೆ ಪೂವಪ್ಪ ಉಳಿ ಹಿಡಿದು ಬಂದು ತೊಗಟೆ ಎಬ್ಬಿಸಿದ. ಕೆಳಗೆ ಜರಿಹುಳದ ಚಿತ್ರ ಬರೆದಂತೆ ಸುರಂಗಗಳು, ನಡುವೆ ಒಂದು, ಅಕ್ಕಪಕ್ಕಕ್ಕೆ ಕಾಲಿನಂತೆ ನೂರು. ಎಲ್ಲವೂ ಖಾಲಿ. ತುದಿಯಲ್ಲಿ ಆ ಕಂದು ಉಂಗುರ. ಅವನು ನೆಲದ ಮೇಲೆ ಕೂತುಬಿಟ್ಟ. ಒಮ್ಮೆ ಕಿಟಕಿಯ ಕಡೆ ನೋಡಿದ. ತೊಗಟೆಯನ್ನು ಒಲೆಗೆ ಹಾಕಿ ಸುಟ್ಟ. ಇನ್ನು ಮರದಲ್ಲಿ ಅಪಾಯವಿಲ್ಲವೆಂದು ತನಗೆ ತಾನೇ ಹೇಳಿಕೊಂಡು ಮಣೆ ಕೆತ್ತಿ, ನಾಲಗೆ ಕೂರಿಸಿದ. ಜಲಜಾಕ್ಷಿ ಅದರ ಮೇಲೆ ಕೂತು ಕಾಯಿ ತುರಿದು ಕೊಬ್ಬರಿ ಮಿಠಾಯಿ ಮಾಡಿದಳು. ಬೇಲಿಯ ಮೇಲಿಂದ ಒಂದು ತಟ್ಟೆ ಡೊರೀನಳಿಗೂ ಹೋಯಿತು. ಅವಳು ತನ್ನ ಮರದ ನೆರಳಲ್ಲೇ ಕೂತು ತಿಂದಳು.

ಜುಲೈ ಮೊದಲಲ್ಲಿ ಅವಳ ಗಂಟಲು ಗ್ಯಾರೇಜಿನೊಳಕ್ಕೂ ಬಂತು. "ಪೂವಾ! ಮೇಲೆ ನೋಡು, ಬಲಗಡೆ ತುದಿ. ಎಲೆ ಹಳದಿಯಾಗಿ ಮುದುಡಿದೆ. ಏನದು?"

ಒಂದೇ ಕೊಂಬೆ. ಆ ದಿನವೇ ನಗರದ ಮರದ ಇಲಾಖೆಗೆ ಹೇಳಿ, ಅಪ್ಪಣೆ ಪಡೆದು, ಅದನ್ನು ಬುಡದವರೆಗೆ ಇಳಿಸಿದ್ದರೆ ಮರ ಉಳಿಯುವ ಸಾಧ್ಯತೆಯಿತ್ತು. ಪೂವಪ್ಪನಿಗೆ ಅದು ನನಗಿಂತ ಚೆನ್ನಾಗಿ ಗೊತ್ತು. ಆದರೆ ಹೇಳಿದರೆ ಎಲ್ಲಿಂದ ಬಂತು ಎಂದು ಕೇಳುತ್ತಾರೆ. ಮರ ಹತ್ತುವ ಲೈಸೆನ್ಸು ಹೋದರೆ ಅವನು ಯಾರು?

"ಬಿಸಿಲು ಜಾಸ್ತಿ ಡೊರೀನಕ್ಕ," ಎಂದ. "ನೀರು ಸಾಲದಿರಬೇಕು. ನೀರು ಹಾಕಿ."

ಡೊರೀನ್ ನೀರು ಹಾಕಿದಳು. ದಿನಾ ಬೆಳಿಗ್ಗೆ ಸೊಂಟ ಹಿಡಿದುಕೊಂಡು ಉದ್ದನೆಯ ಪೈಪು ಎಳೆದು ತಂದು, ಬುಡದಲ್ಲಿ ಕುರ್ಚಿ ಹಾಕಿ ಕೂತು, ಮರಕ್ಕೆ ಬೈಯುತ್ತ, ಬುದ್ಧಿ ಹೇಳುತ್ತ ನೀರು ಹಾಕಿದಳು. ಎರಡನೆಯ ಕೊಂಬೆ ಬಾಡಿತು. ಅವಳು ಸಂಜೆಯೂ ಪೈಪು ಎಳೆಯತೊಡಗಿದಳು. ಪೂವಪ್ಪ ಹಿತ್ತಲಿಗೆ ಬರುವುದನ್ನೇ ಬಿಟ್ಟ. ನಡುವಿನ ಕೊಂಬೆ ಬಾಡಿದ ದಿನ ಜಲಜಾಕ್ಷಿ ತುರಿಮಣೆಯನ್ನು ಗ್ಯಾರೇಜಿಗೆ ಎತ್ತಿ ತಂದು ಅವನ ಮುಂದೆ ಇಟ್ಟಳು.

"ಇದರಿಂದಲ್ವಾ?"

ಅವನು ಮಣೆಯನ್ನು ಗೋಡೆಯ ಕಡೆಗೆ ತಿರುಗಿಸಿಟ್ಟ.

"ಕೈ ತೊಳೆಯದೆ ಒಬ್ಬ ರೋಗಿಯಿಂದ ಇನ್ನೊಬ್ಬರ ಹತ್ತಿರ ಹೋದವರನ್ನು ನಾನು ನೋಡಿದ್ದೇನೆ. ತಪ್ಪು ಆಗ್ತದೆ. ಆದರೆ ಆಮೇಲೆ ಬಾಯಿ ಮುಚ್ಚಿಕೊಂಡು ಕೂತವರನ್ನು ನಾವು ವಾರ್ಡಿಗೆ ಸೇರಿಸುವುದಿಲ್ಲ. ನೀವು ಹೇಳ್ತೀರೋ, ನಾನು ಹೇಳ್ಲೋ?"

ಮರ ಬಾಡುತ್ತಿದೆ ಎಂದಷ್ಟೇ ಪೂವಪ್ಪ ಮರದ ಇಲಾಖೆಗೆ ತಿಳಿಸಿದ. ಮರುದಿನ ಇಲಾಖೆಯ ಹೆಂಗಸು ಬಂದು ಕೊಂಬೆಯ ತೊಗಟೆ ಕೆರೆದು ನೋಡಿದಳು. ಕಾಂಡದ ಸುತ್ತ ಕಿತ್ತಳೆ ಬಣ್ಣದ ಪಟ್ಟೆ ಎಳೆದಳು. ಕಡಿಯಬೇಕಾದ ಮರಕ್ಕೆ ಹಾಕುವ ಗುರುತು ಅದು. "ಮೂರು ವಾರ ಮುಂಚೆ ತಿಳಿದಿದ್ದರೆ ನೋಡಬಹುದಿತ್ತು," ಎಂದಳು. "ಎಲ್ಲಿಂದ ಬಂತೋ ಹೇಳಲಾಗುವುದಿಲ್ಲ. ದುಂಬಿ ಎಲ್ಲಿಂದಲಾದರೂ ಬರುತ್ತದೆ."

ಅಲ್ಲಿಗೆ ಅವನು ಪಾರಾಗಿದ್ದ. ಬೇಕಿದ್ದರೆ ಸುಮ್ಮನಿರಬಹುದಿತ್ತು. ನಾನು ಅವನ ಸೊಂಟದಲ್ಲಿದ್ದೆ. ಅವನು ಡೊರೀನಳ ಕುರ್ಚಿಯ ಮುಂದೆ ಹೋಗಿ ನಿಂತ.

"ನನ್ನ ಗ್ಯಾರೇಜಿನಿಂದ ಬಂತು," ಎಂದ. ತುರಿಮಣೆಯನ್ನು ತಂದು ತೋರಿಸಿದ. ಫೆಬ್ರವರಿಯಿಂದ ಹಿಡಿದು ಎಲ್ಲವನ್ನೂ ಹೇಳಿದ.

ಡೊರೀನ್ ಕುರ್ಚಿಯಲ್ಲಿ ಕೂತೇ ಕೇಳಿದಳು. ತುಂಡಿನ ವಿಷಯ ಅವಳು ಎತ್ತಲೇ ಇಲ್ಲ. "ಮೂರು ವಾರ," ಎಂದಳು. "ಮೂರು ವಾರ ನಾನು ನೀರು ಹಾಕುವುದನ್ನು ನೀನು ನೋಡುತ್ತಾ ಇದ್ದೆ." ಆಮೇಲೆ ಎದ್ದು ಬಾಗಿಲ ಹತ್ತಿರ ಹೋಗಿ ತಿರುಗದೆ ಹೇಳಿದಳು: "ಬೇರೆ ಯಾರನ್ನೂ ಕರೆಸಬೇಡಿ. ಅವನೇ ಕಡಿಯಲಿ."

ಕಾಂಡವನ್ನು ಅವನ ಕೈಯ ದೊಡ್ಡ ಯಂತ್ರಗರಗಸ ಕಡಿಯಿತು. ಮೊದಲ ಕೊಂಬೆ ಮಾತ್ರ ನನ್ನ ಪಾಲಿಗೆ ಬಂತು, ಬಲಗಡೆ ತುದಿಯದು. ಹಲ್ಲು ಇಳಿಸಿದ ಕೂಡಲೆ ಆ ರುಚಿ ಹತ್ತಿತು, ಹಳಸಿದ ನೀರಿನದು. ಹಗ್ಗದಲ್ಲಿ ತೂಗುತ್ತ ಪೂವಪ್ಪ ನನ್ನನ್ನು ಎಳೆದ, ಎಳೆದ, ತನ್ನ ಎದೆಯ ಕಡೆಗೇ ಎಳೆದುಕೊಂಡ. ಅದೇ ನನ್ನ ಕೊನೆಯ ಕೊಯ್ತ. ಲೈಸೆನ್ಸು ಹೋಯಿತು. ಈಗ ಅವನು ನೆಲದಲ್ಲಿ ನಿಂತು, ಬೇರೆಯವರು ಇಳಿಸಿದ ಕೊಂಬೆಗಳನ್ನು ಪುಡಿ ಮಾಡುವ ಯಂತ್ರಕ್ಕೆ ತಳ್ಳುತ್ತಾನೆ. ಲಾರಿ ಹೊರಡುವ ಮುಂಚೆ ಓರೆಸ್ಟನ ಪಾಠವನ್ನು ಈಗ ಹೇಳುವವನು ಅವನೇ. ಆಳುಗಳು ಆಕಳಿಸುತ್ತಾರಂತೆ.

ನಾನು ಹಳೆಯ ಮೊಳೆಗೆ ತೂಗಿದ್ದೇನೆ. ಹಲ್ಲು ಮೊಂಡಾಗಿವೆ, ಹಿಡಿಯ ರಬ್ಬರು ಬಿರಿದಿದೆ. ಕೆಳಗೆ ತುರಿಮಣೆ ಗೋಡೆಗೆ ಒರಗಿದೆ, ಜಲಜಾಕ್ಷಿ ಆಮೇಲೆ ಅದರ ಮೇಲೆ ಕೂರಲಿಲ್ಲ. ಮರ ಹೋದ ಮೇಲೆ ಕಿಟಕಿಯಿಂದ ಬಿಸಿಲು ನೇರ ನನ್ನ ಮೇಲೆ ಬೀಳುತ್ತದೆ. ಚಳಿಯಲ್ಲೇ ಬಾಳಿದ ಉಕ್ಕಿಗೆ ಅದು ಹಿತವಾಗಬೇಕಿತ್ತು. ಬೆಚ್ಚಗಾದಾಗಲೆಲ್ಲ ನಾನು ಕಿವಿಗೊಟ್ಟು ಕೇಳುತ್ತೇನೆ. ಮಣೆಯಲ್ಲಿ ಸದ್ದಿಲ್ಲ. ಆದರೆ ಹೋದ ವರ್ಷ ಬೀದಿಯಲ್ಲಿ ನಾಲ್ಕು ಮರಗಳಿಗೆ ಕಿತ್ತಳೆ ಪಟ್ಟೆ ಬಿತ್ತು, ಈ ವರ್ಷ ಏಳಕ್ಕೆ. ಎದುರು ಮನೆಯ ಮರದ ತುದಿಯಲ್ಲಿ ನಿನ್ನೆಯಿಂದ ಒಂದು ಎಲೆಗೊಂಚಲು ಹಳದಿಯಾಗಿ ಕಾಣುತ್ತಿದೆ.

ಡೊರೀನ್ ಎಲ್ಮಿನ ಜಾಗದಲ್ಲಿ ಮೊಣಕಾಲೆತ್ತರದ ಓಕ್ ಸಸಿ ನೆಡಿಸಿದ್ದಾಳೆ. ಅದು ನೆರಳು ಕೊಡುವ ಹೊತ್ತಿಗೆ ಅವಳಿರುವುದಿಲ್ಲ. ಸಸಿ ನೆಟ್ಟ ದಿನ ಪೈಪಿನ ತುದಿಯನ್ನು ಬೇಲಿಯ ಮೇಲಿಂದ ಈಚೆ ಎಸೆದಳು.

"ಪೂವಾ! ನೀರು ಹಾಕಿ ಎಂದವನು ನೀನೇ ತಾನೆ? ಹಾಕು."

ಅಂದಿನಿಂದ ದಿನಾ ಬೆಳಿಗ್ಗೆ ಪೂವಪ್ಪ ಪೈಪು ಎಳೆದುಕೊಂಡು ಹೋಗುತ್ತಾನೆ. ಅವಳು ಕುರ್ಚಿಯಲ್ಲಿ ಕೂತು ನೋಡುತ್ತಾಳೆ.