ನಲವತ್ತರ ಮೇಲೆ ಹೋಗದ ಜೀಪು

ಇಂಜಿನ್ ಕೆಟ್ಟೇ ಇರಲಿ ಎಂದು ಅಮೋಗಸಿದ್ಧ ಮನೆದೇವರು ಬೀರಪ್ಪನಲ್ಲಿ ಬೇಡಿಕೊಳ್ಳುತ್ತಿದ್ದ. ಜೀಪು ಓಡಿಸಿಯೇ ಹೊಟ್ಟೆ ಹೊರೆದುಕೊಂಡವನು ಇಂಥದ್ದು ಬೇಡುತ್ತಾನೆಂದರೆ ಕೇಳಿದವರು ಇವನಿಗೆ ತಲೆ ಕೆಟ್ಟಿದೆ ಎನ್ನುತ್ತಿದ್ದರು. ಸೊಲ್ಲಾಪುರದ ಅಂಚಿನಲ್ಲಿರುವ ಕಾಂತೇಶ ಮಿಸ್ತ್ರಿಯ ಗ್ಯಾರೇಜಿನಲ್ಲಿ ಒಂದು ಹಳೆಯ ಟೈರಿನ ಮೇಲೆ ಅವನು ಕುಳಿತಿದ್ದ. ಎದುರಿಗೆ ಅವನ ಜೀಪು ಬಾನೆಟ್ ತೆರೆದುಕೊಂಡು ನಿಂತಿತ್ತು. ಬೇರಿಂಗ್ ಸವೆದಿರಲಿ, ರಾಡು ಬಾಗಿರಲಿ, ಏನಾದರೂ ದೊಡ್ಡದೇ ಹೋಗಿರಲಿ. ಇಲ್ಲದಿದ್ದರೆ ನಿನ್ನೆ ತಾನು ಗಾಡಿ ಹೊಡೆದ ರೀತಿಗೆ ಯಾವ ಸಮಾಧಾನವೂ ಉಳಿಯುವುದಿಲ್ಲ.

ನಿನ್ನೆ ಅವನ ಮಗಳು ಪ್ರಾಜಕ್ತಾಳ ಚೊಚ್ಚಲ ಕೂಸು ಸತ್ತಿತ್ತು. ಗಂಡುಕೂಸು, ಮೈಕೈ ತುಂಬಿಕೊಂಡಿತ್ತು, ಆದರೆ ಅಳಲೇ ಇಲ್ಲ. ಪುಣೆಯಿಂದ ಓಡಿಬಂದ ಅಳಿಯ ಸೂರಜ ಇವತ್ತು ಮುಂಜಾನೆ ಅದನ್ನು ಮಣ್ಣು ಮಾಡಿ ಬಂದು, ಮಾವನ ಮುಖ ನೋಡದೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತಿದ್ದ.

ಹೆರಿಗೆಗೆಂದು ಪ್ರಾಜಕ್ತಾ ತಡವಳಕ್ಕೆ, ತವರಿಗೆ ಬಂದಿದ್ದಳು. ನಿನ್ನೆ ನೋವಿನ ಜೊತೆಗೇ ರಕ್ತ ಹೋಗತೊಡಗಿತು. ಜೀಪಿನಲ್ಲಿ ಹಾಕಿಕೊಂಡು ಅಕ್ಕಲಕೋಟದ ಆಸ್ಪತ್ರೆಗೆ ತಂದರೆ, ಅಲ್ಲಿಯವರು ನೋಡಿ ಕೂಡಲೇ ಸೊಲ್ಲಾಪುರಕ್ಕೆ ಒಯ್ಯಿರಿ ಎಂದರು. ಅವರ ಆಂಬುಲೆನ್ಸ್ ಯಾವುದೋ ಅಪಘಾತಕ್ಕೆ ಹೋಗಿತ್ತು. ಬೇರೆ ಗಾಡಿ ಗೊತ್ತುಮಾಡಿ ಕೊಡಲೇನು ಎಂದು ಅಲ್ಲಿಯ ಕಂಪೌಂಡರ್ ತಾನಾಗಿಯೇ ಕೇಳಿದ್ದ.

"ಬ್ಯಾರೆ ಗಾಡಿ ಯಾಕ್ರಿ? ನಂದ ನಿಂತೈತಲ್ಲ" ಎಂದಿದ್ದ ಅಮೋಗಸಿದ್ಧ.

ಆ ಜೀಪೆಂದರೆ ಅವನಿಗೆ ಜೀವ. ತಡವಳ, ಅಕ್ಕಲಕೋಟದ ನಡುವೆ ಸೀಟು ತುಂಬಿಸಿಕೊಂಡು ಓಡುವ ಇಂಥ ಗಾಡಿಗೆ ಆ ಕಡೆ ವಡಾಪ್ ಎನ್ನುತ್ತಾರೆ. ಹೊಗೆ ಉಗುಳಿ ಉಗುಳಿ ಸುಸ್ತಾಗಿದ್ದ ಇಂಜಿನ್ನನ್ನು ಕಾಂತೇಶ ಪೂರಾ ಬಿಚ್ಚಿ, ಬೋರ್ ಮಾಡಿ, ಹೊಸ ಪಿಸ್ಟನ್ ಹಾಕಿ ಕಟ್ಟಿಕೊಟ್ಟಿದ್ದ. ಮನೆಗೆ ತಂದಾಗ ಅದರ ಸದ್ದು ಎಷ್ಟು ನಯವಾಗಿತ್ತೆಂದರೆ, ಸೀಟು ಸಿಗದೆ ನಿಂತವರನ್ನೂ ಅಮೋಗಸಿದ್ಧ ಕರೆದು ಕೇಳಿಸುತ್ತಿದ್ದ. ಅದಾದ ಕೆಲವು ದಿನಕ್ಕೆ ಶುರುವಾಯಿತು ಒಂದು ಟಕ್ ಟಕ್. ವೇಗ ಏರಿಸಿದರೆ ಅದೂ ಏರುತ್ತಿತ್ತು, ಇಳಿಸಿದರೆ ಇಳಿಯುತ್ತಿತ್ತು. ಬಾನೆಟ್ ಎತ್ತಿ ಕಣ್ಣಿಗೆ ಬಿದ್ದದ್ದನ್ನೆಲ್ಲ ಅಲುಗಾಡಿಸಿ ನೋಡಿದ, ಸಡಿಲಾದದ್ದು ಯಾವುದೂ ಇರಲಿಲ್ಲ. ಕೊನೆಗೆ ಆ ಸದ್ದನ್ನು ಮೊಬೈಲಿನಲ್ಲಿ ಹಿಡಿದು ಕಾಂತೇಶನಿಗೆ ಕಳಿಸಿದ.

ಕಾಂತೇಶ ಆಗ ಗಿರಾಕಿಗಳ ಗದ್ದಲದಲ್ಲಿದ್ದ. ಎರಡು ಸಲ ಕೇಳಿ ಫೋನು ಮಾಡಿದ. "ಮಾಮಾ, ಇದು ಒಳಗಿನ ಬೇರಿಂಗಿನ ಆವಾಜ ಅನಸ್ತೈತಿ. ನಲವತ್ತರ ಮ್ಯಾಲ ಹೊಡೀಬ್ಯಾಡ್ರಿ. ಜೋರ ಹೊಡದ್ರ ನಡು ರಸ್ತಾದಾಗ ಇಂಜಿನ್ ಜಾಮ್ ಆಗಿ ನಿಂತಬಿಡತೈತಿ. ಸೋಮವಾರ ತಗೊಂಡ ಬರ್ರಿ, ಬಿಚ್ಚಿ ನೋಡೂಣು."

ಸೋಮವಾರಕ್ಕೆ ಮೊದಲು ಭಾನುವಾರ ಬಂತು.

ಅಕ್ಕಲಕೋಟ ಬಿಟ್ಟ ಮೇಲೆ ರಸ್ತೆ ಅಗಲವಾಗಿತ್ತು, ಖಾಲಿಯಾಗಿತ್ತು. ಅಮೋಗಸಿದ್ಧ ಸ್ಪೀಡೋಮೀಟರಿನ ಮುಳ್ಳನ್ನು ನಲವತ್ತರ ಮೇಲೆ ಏರಗೊಡಲಿಲ್ಲ. ಹಿಂದಿನ ಸೀಟಿನಲ್ಲಿ ಹೆಂಡತಿ ಸೋಮವ್ವ ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಕಾರುಗಳು ಹಾರ್ನ್ ಹೊಡೆದು ಮುಂದೆ ಹೋದವು, ಬಸ್ಸು ಹೋಯಿತು, ಹಾಲಿನ ಕ್ಯಾನು ಕಟ್ಟಿಕೊಂಡ ಒಂದು ಬೈಕು ಕೂಡ ಹೋಯಿತು. ಒಂದು ಸಲ ತಡೆಯಲಾರದೆ ಎಕ್ಸಿಲೇಟರ್ ಒತ್ತಿದ. ಟಕ್ ಟಕ್ ಎನ್ನುವುದು ಟಕಟಕ ಎನ್ನತೊಡಗಿತು. ಕಾಲು ತಾನಾಗಿ ಹಿಂದೆ ಬಂತು. ಬಯಲಿನಲ್ಲಿ ಗಾಡಿ ನಿಂತರೆ ಮಗಳೂ ಹೋಗುತ್ತಾಳೆ, ಕೂಸೂ ಹೋಗುತ್ತದೆ. ನಿಧಾನವಾಗಿಯಾದರೂ ಮುಟ್ಟಬೇಕು. ಅವನ ಲೆಕ್ಕ ಇಷ್ಟೇ ಇತ್ತು, ಅದರಲ್ಲಿ ತಪ್ಪು ಹುಡುಕುವುದು ಕಷ್ಟ.

"ಜೋರ ಹೊಡೀರಿ, ಹುಡುಗಿ ಕೈಕಾಲ ತಣ್ಣಗಾಗಾಕತ್ತಾವ" ಎಂದಳು ಸೋಮವ್ವ.

"ಇಂಜಿನ್ ಜಾಮ್ ಆದ್ರ ಏನ್ ಮಾಡ್ತಿ? ಹೊತಗೊಂಡ ಹೋಗ್ತಿಯೇನ?"

"ಏನೂ ಆಗಂಗಿಲ್ಲ. ಬೀರಪ್ಪ ಅದಾನ ನಮ್ಮ ಗಾಡಿಗೆ. ನೀವ ಹೊಡೀರಿ."

"ಸುಮ್ನ ಕೂಡು. ಇಂಜಿನ್ ನಿನಗೇನ್ ತಿಳೀತೈತಿ?"

ನಡುವಿನ ವಳಸಂಗ ಊರು ದಾಟಿದ ಮೇಲೆ ಸೋಮವ್ವ ಮಗಳ ಅಂಗೈ ತಿಕ್ಕುತ್ತ ಕುಳಿತಳು. ಸೊಲ್ಲಾಪುರದ ಆಸ್ಪತ್ರೆಯಲ್ಲಿ ಮಗಳನ್ನು ಉಳಿಸಿದರು. ಹೊರಗೆ ಬಂದ ಡಾಕ್ಟರಮ್ಮ, "ಥೋಡಂ ಲವಕರ ಆಣಾಯಲಾ ಪಾಹಿಜೆ ಹೋತಂ" ಎಂದು ಮರಾಠಿಯಲ್ಲಿ ಹೇಳಿ ಹೋದಳು. ಸ್ವಲ್ಪ ಬೇಗ ತರಬೇಕಾಗಿತ್ತು. ಅವಳು ಬೈಯಲಿಲ್ಲ, ಇದ್ದದ್ದನ್ನು ಹೇಳಿದಳು. ಬೈದಿದ್ದರೆ ಅಮೋಗಸಿದ್ಧನಿಗೆ ಎಷ್ಟೋ ಹಗುರವಾಗುತ್ತಿತ್ತು.

ಈಗ ಕಾಂತೇಶ ಇಂಜಿನ್ ಚಾಲೂ ಮಾಡಿದ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿನ ಮೈಗೆ ಒತ್ತಿ ಹಿಡಿಗೆ ಕಿವಿ ಕೊಟ್ಟ. ಇಲ್ಲಿ ಕೇಳಿದ, ಅಲ್ಲಿ ಕೇಳಿದ. ಅಮೋಗಸಿದ್ಧ ಎದ್ದು ಬಂದು ಅವನ ಮುಖವನ್ನೇ ನೋಡುತ್ತ ನಿಂತ. ಮುಖದಲ್ಲಿ ಗಾಬರಿ ಕಾಣಲಿ ಎಂದು ಕಾದ, ಅದು ಕಾಣಲಿಲ್ಲ.

"ಒಳಗ ಏನೂ ಇಲ್ಲ ಮಾಮಾ. ಇಂಜಿನ್ ಬೆಣ್ಣಿ ಆಗೇತಿ."

"ಸರಿಯಾಗಿ ಕೇಳೋ. ಬೇರಿಂಗ್ ಅಂದಿದ್ದಿ ನೀ."

"ಅಂದಿದ್ದೆ. ಆದ್ರ ಆವಾಜ ಹೊರಗಿಂದ ಬರಾಕತ್ತೈತಿ."

"ಹೊರಗಿಂದ ಹ್ಯಾಂಗ ಬರತೈತಿ? ಬಿಚ್ಚಿ ನೋಡು. ಪೂರಾ ಬಿಚ್ಚು!" ಅಮೋಗಸಿದ್ಧ ಚೀರಿದ. ಪಕ್ಕದ ಅಂಗಡಿಯವರು ತಿರುಗಿ ನೋಡಿದರು. ಕಾಂತೇಶ ಇಂಜಿನ್ ಬಂದ್ ಮಾಡಿ, ಜಾಕ್ ಏರಿಸಿ, ಜೀಪಿನ ಕೆಳಗೆ ತೂರಿದ. ಇಂಜಿನ್ನಿನ ತಳಕ್ಕೆ ಕಲ್ಲು ಬಡಿಯದಂತೆ ಹಾಕಿದ ತಗಡನ್ನು ಬಿಚ್ಚುವ ಸದ್ದು ಕೇಳಿಸಿತು.

ಅವನು ಹೊರಬಂದು ಅಂಗೈ ಮುಂದೆ ಮಾಡಿದ. ಅದರಲ್ಲಿ ಒಂದು ಹಿತ್ತಾಳೆಯ ಗಂಟೆಯಿತ್ತು. ನಾಲಗೆಗೆ ಕರಿ ಉಣ್ಣೆ ಸುತ್ತಿತ್ತು, ಮೈಗೆಲ್ಲ ಬೀರಪ್ಪನ ಭಂಡಾರದ ಅರಿಸಿನ ಪುಡಿ ಮೆತ್ತಿತ್ತು. ಕಟ್ಟಿದ ಉಣ್ಣೆದಾರ ಕಾವಿಗೆ ಸಡಿಲಾಗಿ, ಗಂಟೆ ಜೋತುಬಿದ್ದು ಆಯಿಲ್ ಚೇಂಬರಿಗೆ ಬಡಿಯುತ್ತಿತ್ತು. ಆ ಸದ್ದಿನ ಕಥೆ ಅಷ್ಟೇ.

ಗಂಟೆ ಯಾರದೆಂದು ಅಮೋಗಸಿದ್ಧ ಕೇಳಬೇಕಾಗಿರಲಿಲ್ಲ. ಸೋಮವ್ವನ ತವರಿನ ಕುರಿಹಿಂಡು ದೂರದ ದಾರಿ ಹಿಡಿದಾಗ ಮುಂದಿನ ಟಗರಿಗೆ ಕಟ್ಟುತ್ತಿದ್ದ ಗಂಟೆ ಅದು. ಅದು ಮುಂದೆ ನಡೆದರೆ ಹಿಂದಿನ ಒಂದು ಮರಿಯೂ ತಪ್ಪುವುದಿಲ್ಲ ಎಂದು ಅವರ ನಂಬಿಕೆ. ಮದುವೆಯಾಗಿ ಬರುವಾಗ ಅವಳು ಅದೊಂದನ್ನೇ ಕೇಳಿ ತಂದಿದ್ದಳು.

ಕಾಂತೇಶ ತಲೆ ತಗ್ಗಿಸಿದ. "ಫೋನಿನ್ಯಾಗ ಕೇಳಿ ಹೇಳಬಾರದಿತ್ತು ಮಾಮಾ ನಾ."

ಅಮೋಗಸಿದ್ಧನ ಕಿವಿಗೆ ಅವನ ಮಾತು ಬೀಳಲಿಲ್ಲ. ಹೆಂಡತಿಯನ್ನು ಕೊಂದೇ ಹಾಕುವಷ್ಟು ಸಿಟ್ಟು ಬಂದಿತ್ತು. ಆಸ್ಪತ್ರೆಗೆ ಹೋಗಿ ಎಲ್ಲರ ಎದುರಿಗೆ ಈ ಗಂಟೆಯನ್ನು ಅವಳ ಮುಖಕ್ಕೆ ಎಸೆಯಬೇಕು. ಕದ್ದು ಯಾಕೆ ಕಟ್ಟಿದೆ ಎಂದು ಕೇಳಬೇಕು. ಹಾಗೆಂದುಕೊಂಡೇ ಗಂಟೆಯನ್ನು ಜೇಬಿಗೆ ಹಾಕಿ ಜೀಪು ಹತ್ತಿದ. ಅರ್ಧ ದಾರಿಯಲ್ಲಿ ಉತ್ತರ ತಾನಾಗಿ ನೆನಪಾಯಿತು. ಹೋದ ವರ್ಷ ಅವಳು ಜೀಪಿಗೆ ಕಟ್ಟಿದ ನಿಂಬೆಹಣ್ಣಿನ ದಾರ ಇಂಜಿನ್ ಫ್ಯಾನಿಗೆ ಸಿಕ್ಕಿ ಬೆಲ್ಟ್ ಹರಿದಾಗ, ತುಂಬಿದ ಗಾಡಿಯ ಎದುರಿಗೇ ಅವನು ಅವಳನ್ನು ಬಾಯಿಗೆ ಬಂದಂತೆ ಬೈದಿದ್ದ. ಅದಕ್ಕೇ ಈ ಸಲ, ಅವನು ಮಲಗಿದ್ದಾಗಲೋ ಯಾವಾಗಲೋ, ಗಾಡಿಯ ಕೆಳಗೆ ಮಲಗಿ, ತಗಡಿನ ಸಂದಿಯಲ್ಲಿ ಕೈ ತೂರಿಸಿ ಕಟ್ಟಿದ್ದಾಳೆ. ಗಂಟೆ ನುಡಿದು ಅವನಿಗೆ ಗೊತ್ತಾಗಬಾರದೆಂದು ನಾಲಗೆಗೆ ಉಣ್ಣೆ ಸುತ್ತಿದ್ದಾಳೆ.

ಆಸ್ಪತ್ರೆಯ ವರಾಂಡದಲ್ಲಿ ಸೋಮವ್ವ ಗೋಡೆಗೆ ಒರಗಿ ಕುಳಿತಿದ್ದಳು. ಒಂದೇ ದಿನದಲ್ಲಿ ಮುದುಕಿಯಾಗಿದ್ದಳು. ಅಮೋಗಸಿದ್ಧನ ಕೈ ಜೇಬಿನೊಳಗೆ ಗಂಟೆಯನ್ನು ಹಿಡಿದಿತ್ತು.

"ಗಾಡಿಗೆ ಏನಾಗಿತ್ತಂತ್ರಿ?" ಎಂದು ಅವಳೇ ಕೇಳಿದಳು.

ಅವನು ಬಾಯಿ ತೆರೆಯುವ ಮೊದಲೇ ಅವಳು ದನಿ ತಗ್ಗಿಸಿ ಹೇಳಿದಳು. "ಒಂದ ಮಾತ ಹೇಳ್ತೀನಿ, ಬೈಬ್ಯಾಡ್ರಿ. ಗಾಡಿ ತೆಳಗ ನಮ್ಮಪ್ಪನ ಟಗರಿನ ಗಂಟಿ ಕಟ್ಟೀನಿ, ಪ್ರಾಜೂಗ ಛಲೋ ಆಗಲೆಂತ. ಕೂಸಂತೂ ನಮ್ಮ ನಸೀಬದಾಗ ಇದ್ದಿಲ್ಲ. ಗಂಟಿ ಇತ್ತಂತನ ಮಗಳಾದ್ರೂ ನಮ್ಮ ಕೈಗೆ ಸಿಕ್ಕಾಳ."

ಅಮೋಗಸಿದ್ಧ ಅವಳನ್ನೇ ನೋಡಿದ. ಜೇಬಿನಲ್ಲಿದ್ದ ಕೈ ಹೊರಗೆ ಬರಲಿಲ್ಲ.

"ಬೇರಿಂಗ್ ಹೋಗಿತ್ತು," ಎಂದ. "ಬದಲಿ ಮಾಡಿದ್ರು."

"ಮತ್ತ ನೀವ ನಿಧಾನ ಹೊಡದಿದ್ದ ಖರೇ ಆತು," ಎಂದಳು ಸೋಮವ್ವ. "ನಾನ ಸುಮ್ನ ನಿಮ್ಮ ಜೀವಾ ತಿಂದೆ."

ಅವನು ಹೊರಗೆ ಬಂದು ಜೀಪಿನ ಕೆಳಗೆ ಮಲಗಿದ. ತನ್ನ ಕರವಸ್ತ್ರ ಹರಿದು ಗಂಟೆಗೆ ದಪ್ಪಗೆ ಸುತ್ತಿ, ಇನ್ನೆಂದೂ ಬಡಿಯದಂತೆ ಬಿಗಿದು ಅದೇ ಜಾಗಕ್ಕೆ ಕಟ್ಟಿದ. ಅಲ್ಲಿ ಯಾರಿಗೂ ಕಾಣುವುದಿಲ್ಲವಾದ್ದರಿಂದ ಮಲಗಿದಲ್ಲೇ ಅತ್ತ.

ಪ್ರಾಜಕ್ತಾಳನ್ನು ಮನೆಗೆ ಕರೆದೊಯ್ಯುವ ದಿನ ಬಂತು. ಅವಳು ಹಿಂದಿನ ಸೀಟಿನಲ್ಲಿ ತಾಯಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು, ಬರುವಾಗ ಮಲಗಿದ್ದ ಹಾಗೆಯೇ. ಊರು ದಾಟಿ ಅದೇ ರಸ್ತೆಗೆ ಬಿದ್ದರು. ಇಂಜಿನ್ನಿನಲ್ಲಿ ಒಂದು ಸಣ್ಣ ಅಪಸ್ವರವೂ ಇರಲಿಲ್ಲ. ಅಮೋಗಸಿದ್ಧನ ಕಾಲು ಎಕ್ಸಿಲೇಟರನ್ನು ಒತ್ತುತ್ತಲೇ ಹೋಯಿತು. ಮುಳ್ಳು ನಲವತ್ತು ದಾಟಿತು, ಅರವತ್ತು ದಾಟಿತು, ಎಂಬತ್ತಕ್ಕೆ ಬಂತು. ಗಾಡಿಗೆ ಏನೂ ಆಗಲಿಲ್ಲ. ಅಂದೂ ಆಗುತ್ತಿರಲಿಲ್ಲ.

ಹಿಂದಿನಿಂದ ಸೋಮವ್ವ ಅವನ ಭುಜ ಮುಟ್ಟಿದಳು.

"ಸಾವಕಾಶ ಹೊಡೀರಿ," ಎಂದಳು. "ಈಗೇನ ಅವಸರ ಐತಿ ನಮಗ?"